ಕಂಪನಿಯೊಳಗಿನ ಬರಹಗಾರ: ಕಂಟೆಂಟ್ ಮಾರ್ಕೆಟಿಂಗ್ ಹುದ್ದೆ ಬೆಳೆದ ಬಗೆ

ಸರಕನ್ನು ನೇರವಾಗಿ ಹೊಗಳದೆ, ಅದನ್ನು ಕೊಳ್ಳುವವರಿಗೆ ಬೇಕಾದ ತಿಳಿವಳಿಕೆಯನ್ನು ಬರೆದು, ಹೇಳಿ, ತೋರಿಸಿ, ಆ ಮೂಲಕ ನಂಬಿಕೆ ಗಳಿಸಿ ವ್ಯಾಪಾರ ಬೆಳೆಸುವ ಕೆಲಸಕ್ಕೆ ಕಂಟೆಂಟ್ ಮಾರ್ಕೆಟಿಂಗ್ ಎನ್ನುತ್ತಾರೆ. ಜಾಹೀರಾತು ಪಂಪ್‌ಸೆಟ್ಟಿನ ಹೆಸರು ಹೇಳಿ ಮುಗಿಸುತ್ತದೆ. ಕಂಟೆಂಟ್ ಬರೆಯುವವರು ಕೊಳವೆಬಾವಿಯ ಆಳಕ್ಕೂ ಮೋಟಾರಿನ ಎಚ್‌ಪಿಗೂ ಇರುವ ಲೆಕ್ಕ ಬಿಡಿಸುತ್ತಾರೆ, ವೋಲ್ಟೇಜ್ ಇಳಿದಾಗ ಮೋಟಾರು ಏಕೆ ಸುಡುತ್ತದೆ ಎಂದು ವಿವರಿಸುತ್ತಾರೆ. ಪಂಪಿನ ಹೆಸರು ಕೊನೆಗೆಲ್ಲೋ ಬರುತ್ತದೆ, ಕೆಲವೊಮ್ಮೆ ಬರುವುದೂ ಇಲ್ಲ. ಲೇಖನ, ವಿಡಿಯೊ, ಪಾಡ್‌ಕಾಸ್ಟ್, ಇ-ಮೇಲ್ ಪತ್ರ, ವಾಟ್ಸ್‌ಆ್ಯಪ್ ಸಂದೇಶ, ಕೈಪಿಡಿ, ಗಿರಾಕಿಗಳ ಅನುಭವದ ಕಥೆ ಎಲ್ಲವೂ ಇದರೊಳಗೇ ಸೇರುತ್ತವೆ.

ಎರಡು ದಶಕದ ಹಿಂದೆ ಈ ಕೆಲಸ ಬಹುಪಾಲು ಜಾಹೀರಾತು ಏಜೆನ್ಸಿಗಳ ಕೈಯಲ್ಲಿತ್ತು. ಉಳಿದದ್ದನ್ನು ಪದಕ್ಕಿಷ್ಟು ಎಂದು ಹಣ ಪಡೆಯುವ ಬಿಡಿ ಬರಹಗಾರರು ಮಾಡಿಕೊಡುತ್ತಿದ್ದರು. ಈಗ ಮಧ್ಯಮ ಗಾತ್ರದ ಕಂಪನಿಯಲ್ಲೂ ಕಂಟೆಂಟ್ ರೈಟರ್, ಕಂಟೆಂಟ್ ಸ್ಟ್ರಾಟಜಿಸ್ಟ್, ಎಡಿಟರ್, ಹೆಡ್ ಆಫ್ ಕಂಟೆಂಟ್ ಎಂಬ ಕಾಯಂ ಹುದ್ದೆಗಳಿವೆ. ಮಾರಾಟ ವಿಭಾಗ, ಎಂಜಿನಿಯರಿಂಗ್ ವಿಭಾಗ, ಕಾನೂನು ವಿಭಾಗ ಈ ಮೂರರ ನಡುವೆ ಓಡಾಡುವ ಈ ನೌಕರರ ಸಂಖ್ಯೆಯೂ ಹೊಣೆಯೂ ಹೆಚ್ಚಿವೆ. ಅಧಿಕಾರ ಅದೇ ಪ್ರಮಾಣದಲ್ಲಿ ಹೆಚ್ಚಿದೆಯೇ ಎಂಬುದು ಬೇರೆ ಮಾತು.

ಹಳೆಯ ಬೇರುಗಳು

ಹೆಸರು ಹೊಸದಾದರೂ ಕಸುಬು ಹಳೆಯದು. ಅಮೆರಿಕದ ಕೃಷಿ ಉಪಕರಣ ತಯಾರಕ ಜಾನ್ ಡೀರ್ ಕಂಪನಿ 1895ರಲ್ಲಿ ರೈತರಿಗಾಗಿ ‘ದಿ ಫರೋ’ ಎಂಬ ಪತ್ರಿಕೆ ಹೊರಡಿಸಿತು. ಅದು ಇಂದಿಗೂ ಬರುತ್ತಿದೆ. ಫ್ರಾನ್ಸಿನ ಟೈರ್ ಕಂಪನಿ ಮಿಷೆಲಿನ್ 1900ರಲ್ಲಿ ಕಾರು ಓಡಿಸುವವರಿಗೆ ಊಟ, ವಸತಿ, ರಿಪೇರಿ ಅಂಗಡಿಗಳ ವಿವರವಿದ್ದ ಕೈಪಿಡಿಯನ್ನು ಪುಕ್ಕಟೆ ಹಂಚಿತು. ಜನ ದೂರ ದೂರ ಓಡಾಡಿದಷ್ಟೂ ಟೈರು ಬೇಗ ಸವೆಯುತ್ತದೆ ಎಂಬುದು ಅದರ ಹಿಂದಿನ ಲೆಕ್ಕ.

ಕರ್ನಾಟಕಕ್ಕೆ ಹತ್ತಿರದ ಉದಾಹರಣೆ ಕಿರ್ಲೋಸ್ಕರರದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಮುಂದೆ ಕಬ್ಬಿಣದ ನೇಗಿಲು ಮಾಡಲು ಹೊರಟರು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂಬ ಅಂಜಿಕೆ ರೈತರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎನ್ನುತ್ತಾರೆ. ಇಂಥ ಅಂಜಿಕೆಯನ್ನು ಜಾಹೀರಾತಿನ ಒಂದು ಸಾಲು ಕಳೆಯಲಾರದು. ಸಾವಧಾನವಾಗಿ, ಮತ್ತೆ ಮತ್ತೆ ತಿಳಿಸಿ ಹೇಳಬೇಕಾಗುತ್ತದೆ. ಕಾರ್ಖಾನೆ 1910ರಲ್ಲಿ ಔಂಧ್ ಸಂಸ್ಥಾನದ ಕಿರ್ಲೋಸ್ಕರವಾಡಿಗೆ ಹೋಯಿತು. 1920ರಲ್ಲಿ ಶಂಕರರಾವ್ ಕಿರ್ಲೋಸ್ಕರ್ ಸಂಪಾದಕತ್ವದಲ್ಲಿ ‘ಕಿರ್ಲೋಸ್ಕರ ಖಬರ್’ ಎಂಬ ಮರಾಠಿ ಪತ್ರಿಕೆ ಅಲ್ಲಿಂದ ಹೊರಟಿತು. ಕಾರ್ಖಾನೆಯ ಸುದ್ದಿಗೆಂದು ಶುರುವಾದ ಅದು ಬರಬರುತ್ತಾ ‘ಕಿರ್ಲೋಸ್ಕರ್’ ಎಂಬ ಹೆಸರಿನ ಜನಪ್ರಿಯ ಮಾಸಿಕವಾಗಿ ಬೆಳೆಯಿತು. 1930ರಲ್ಲಿ ‘ಸ್ತ್ರೀ’ ಎಂಬ ಇನ್ನೊಂದು ಪತ್ರಿಕೆ ಅದರ ಜತೆ ಸೇರಿತು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ ಕಂಪನಿ 1941ರಲ್ಲಿ ಹರಿಹರದಲ್ಲಿ ನೆಲೆಗೊಂಡಿತು. ನೇಗಿಲು ಮಾರಲು ಹೊರಟವರು ಒಂದು ಭಾಷೆಯ ಓದುಗರನ್ನೇ ಬೆಳೆಸಿದರು. ಆ ಲಾಭ ಮರಾಠಿಗೆ ದಕ್ಕಿತು. ಕಾರ್ಖಾನೆ ಕನ್ನಡ ನಾಡಿಗೆ ಬಂದರೂ ಅಂಥ ಪತ್ರಿಕೆ ಇತ್ತ ಬರಲಿಲ್ಲ.

ಕಾಫಿಯ ಕತೆಯೂ ಇದೇ ಸಾಲಿನದು. ಆರ್ಥಿಕ ಕುಸಿತದ ದಿನಗಳಲ್ಲಿ ಬೆಲೆ ಬಿದ್ದಾಗ 1935ರಲ್ಲಿ ಕಾಫಿ ಸೆಸ್ ಸಮಿತಿ ರಚನೆಯಾಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿಗೆ ದೇಶದೊಳಗೇ ಕುಡಿಯುವವರನ್ನು ಹುಟ್ಟಿಸುವುದು ಅದರ ಒಂದು ಗುರಿ. 1936ರಲ್ಲಿ ಮುಂಬೈಯಲ್ಲಿ ಶುರುವಾದ ಇಂಡಿಯಾ ಕಾಫಿ ಹೌಸ್ ಪ್ರಚಾರದ ಅಂಗವಾಗಿಯೇ ಬಂದದ್ದು. ಕಾಫಿ ಎಂದರೇನು, ಅದು ಹೇಗಿರಬೇಕು ಎಂಬುದನ್ನು ಕುಡಿಸಿಯೇ ಕಲಿಸಿದರು.

ಮೈಸೂರು ಸ್ಯಾಂಡಲ್ ಸೋಪಿನಲ್ಲಿ ಬೇರೊಂದು ಪಾಠವಿದೆ. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತು ಹೋಗಿ, 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಆರಂಭವಾದದ್ದು, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ವಿಶ್ವೇಶ್ವರಯ್ಯನವರ ಆಸಕ್ತಿ, ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದ ಎಸ್.ಜಿ. ಶಾಸ್ತ್ರಿ ಇಂಗ್ಲೆಂಡಿಗೆ ಹೋಗಿ ಕಲಿತು ಬಂದದ್ದು, ಪೊಟ್ಟಣದ ಮೇಲಿನ ಆನೆ ಮೊಗದ ಸಿಂಹದೇಹದ ಶರಭ ಇವೆಲ್ಲ ಕನ್ನಡಿಗರಿಗೆ ಸೋಪಿನಷ್ಟೇ ಪರಿಚಿತ. ನೂರು ವರ್ಷ ಹಳೆಯ ಈ ಕತೆಗೆ ಕಂಪನಿ ಕಾಸು ಖರ್ಚು ಮಾಡಬೇಕಿಲ್ಲ; ಪತ್ರಿಕೆಗಳು, ಶಾಲಾ ಭಾಷಣಗಳು, ವಾಟ್ಸ್‌ಆ್ಯಪ್ ಗುಂಪುಗಳು ತಾವಾಗಿಯೇ ಹೇಳುತ್ತವೆ. 2025ರಲ್ಲಿ ಅದೇ ಸಂಸ್ಥೆ ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ನಟಿಯೊಬ್ಬರನ್ನು ರಾಯಭಾರಿಯಾಗಿ ನೇಮಿಸಿದಾಗ ಎದ್ದ ಗದ್ದಲಕ್ಕೆ ಭಾಷೆಯ ಅಭಿಮಾನ ಒಂದು ಕಾರಣ. ತಮ್ಮದೆಂದು ಜನ ಹೇಳಿಕೊಂಡು ಬಂದ ಕತೆಗೆ ಹೊರಗಿನ ಮುಖ ಅಂಟಿಸಿದರು ಎಂಬ ಸಿಟ್ಟೂ ಅದರಲ್ಲಿತ್ತು.

ಹಳ್ಳಿಯ ಮಟ್ಟಿಗೆ ಹೇಳುವುದಾದರೆ, ಕಂಪನಿಯೊಂದು ಕನ್ನಡದಲ್ಲಿ ಬರೆದು ರೈತನ ಕೈಗಿಟ್ಟ ಹಳೆಯ ಬರಹವೆಂದರೆ ಕೀಟನಾಶಕದ ಡಬ್ಬಿಯ ಜತೆ ಬರುವ ಚೀಟಿ. 1971ರ ಕೀಟನಾಶಕ ನಿಯಮಗಳು ಹಿಂದಿ, ಇಂಗ್ಲಿಷ್‌ ಜತೆಗೆ ಪ್ರಾದೇಶಿಕ ಭಾಷೆಯಲ್ಲೂ ಸೂಚನೆ ಇರಬೇಕೆಂದು ಹೇಳುತ್ತವೆ. ಹಲವು ಮಡಿಕೆಯ ತೆಳು ಕಾಗದ, ನಾಲ್ಕೈದು ಭಾಷೆ, ಸಾಸಿವೆಗಿಂತ ಸಣ್ಣ ಅಕ್ಷರ, ಪ್ರಮಾಣವೆಲ್ಲ ಹೆಕ್ಟೇರಿನ ಲೆಕ್ಕದಲ್ಲಿ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಹೊಲಕ್ಕಿಳಿದವರಿಗೆ ಬೇಕಾದದ್ದು ಒಂದು ಕ್ಯಾನಿಗೆ ಎಷ್ಟು ಎಂಬುದು. ಅದು ಚೀಟಿಯಲ್ಲಿ ಸಿಗದೆ ಅಂಗಡಿಯವರ ಬಾಯಲ್ಲಿ ಸಿಗುತ್ತದೆ. ಕಾನೂನಿಗಾಗಿ ಬರೆದದ್ದಕ್ಕೂ ಓದುವವರಿಗಾಗಿ ಬರೆದದ್ದಕ್ಕೂ ಇರುವ ಅಂತರ ಇಷ್ಟರಲ್ಲೇ ಗೊತ್ತಾಗುತ್ತದೆ.

ಹೊರಗಿನಿಂದ ಒಳಕ್ಕೆ

ಇಂಟರ್‌ನೆಟ್ ಬಂದ ಮೇಲೆ ಕೊಳ್ಳುವವರ ನಡವಳಿಕೆ ಬದಲಾಯಿತು. ಅಂಗಡಿಗೆ ಕಾಲಿಡುವ ಮೊದಲೇ ಅವರು ಗೂಗಲ್‌ನಲ್ಲಿ ಹುಡುಕಿ, ಯೂಟ್ಯೂಬ್‌ನಲ್ಲಿ ನೋಡಿ, ಅರ್ಧ ತೀರ್ಮಾನ ಮಾಡಿರುತ್ತಾರೆ. ಆ ಹುಡುಕಾಟದ ಹೊತ್ತಿನಲ್ಲಿ ಕಣ್ಣಿಗೆ ಬಿದ್ದವರೇ ಮುಂದೆ. ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ದುಡ್ಡು ನಿಂತ ದಿನವೇ ಮಾಯವಾಗುತ್ತದೆ. ಒಳ್ಳೆಯ ಲೇಖನ ವರ್ಷಗಟ್ಟಲೆ ಓದುಗರನ್ನು ತರುತ್ತಿರುತ್ತದೆ. ಬಿಲ್ ಗೇಟ್ಸ್ 1996ರಲ್ಲೇ ಇಂಟರ್‌ನೆಟ್‌ನಲ್ಲಿ ಹಣ ಹುಟ್ಟುವುದು ಕಂಟೆಂಟ್‌ನಿಂದ ಎಂದು ಬರೆದಿದ್ದರು. ಕಂಪನಿಗಳ ಲೆಕ್ಕದ ಪುಸ್ತಕಕ್ಕೆ ಆ ಮಾತು ಇಳಿಯಲು ಇನ್ನೂ ಹತ್ತು ವರ್ಷ ಬೇಕಾಯಿತು.

ಮೊದಲ ಹಂತದಲ್ಲಿ ನಡೆದದ್ದು ಸಗಟು ಬರವಣಿಗೆ. ಒಂದೇ ಕೀವರ್ಡನ್ನು ಸಾಲಿಗೊಮ್ಮೆ ತುರುಕಿ, ಅಗ್ಗದ ದರಕ್ಕೆ ಸಾವಿರಾರು ಲೇಖನ ಹೊರಗಿನವರಿಂದ ಬರೆಸಿದರು. ಅದರಲ್ಲಿ ಭಾರತದ ಬಿಡಿ ಬರಹಗಾರರ ಪಾಲು ದೊಡ್ಡದಿತ್ತು. 2011ರ ಫೆಬ್ರುವರಿಯಲ್ಲಿ ಗೂಗಲ್ ‘ಪಾಂಡಾ’ ಎಂಬ ಬದಲಾವಣೆ ತಂದು ಹುರುಳಿಲ್ಲದ ಪುಟಗಳನ್ನು ಕೆಳಕ್ಕೆ ತಳ್ಳಿತು. ಆಗ ಕಂಪನಿಗಳಿಗೆ ಒಂದು ವಿಷಯ ಮನದಟ್ಟಾಯಿತು. ವಿಷಯ ಗೊತ್ತಿದ್ದವರು ಒಳಗೇ ಇದ್ದಾರೆ: ಯಂತ್ರ ರೂಪಿಸಿದ ಎಂಜಿನಿಯರು, ಹೊಲ ಸುತ್ತುವ ಕೃಷಿ ತಜ್ಞ, ದಿನಕ್ಕೆ ನೂರು ಕರೆ ಎತ್ತುವ ಕಸ್ಟಮರ್ ಕೇರ್ ಹುಡುಗಿ. ಅವರ ಪಕ್ಕದಲ್ಲಿ ಕೂತು ಕೇಳಿ ಬರೆಯಬಲ್ಲವರು ಹೊರಗಿನವರಾದರೆ ಕೆಲಸ ಸಾಗದು. ಬರಹಗಾರರನ್ನು ಒಳಕ್ಕೆ ಕರೆದದ್ದಕ್ಕೆ ಇದು ಮುಖ್ಯ ಕಾರಣ. ಖರ್ಚು ಉಳಿತಾಯ, ವೇಗ, ಗುಟ್ಟು ಒಳಗೇ ಉಳಿಯುವುದು ಇವೆಲ್ಲ ಆಮೇಲಿನವು.

ಬೆಂಗಳೂರಿಗೆ ಈ ಬಗೆಯ ನೌಕರಿ ತೀರಾ ಹೊಸದಾಗಿರಲಿಲ್ಲ. 1990ರ ದಶಕದಿಂದಲೇ ಸಾಫ್ಟ್‌ವೇರ್ ಕಂಪನಿಗಳಲ್ಲಿ ಟೆಕ್ನಿಕಲ್ ರೈಟರ್‌ಗಳಿದ್ದರು. ತಂತ್ರಾಂಶ ಬಳಸುವ ಕೈಪಿಡಿ ಬರೆಯುವುದು ಅವರ ಕೆಲಸ. ಮಾರಾಟದ ಸೋಂಕು ಅದಕ್ಕಿರಲಿಲ್ಲ. ಐಟಿ ಸೇವಾ ಕಂಪನಿಗಳು ವಿದೇಶಿ ಗಿರಾಕಿಗಳಿಗಾಗಿ ವೈಟ್ ಪೇಪರ್, ಕೇಸ್ ಸ್ಟಡಿ ಹೊರತರತೊಡಗಿದಾಗ ಅದೇ ಕೈಗಳು ಅತ್ತ ಹೊರಳಿದವು. 2010ರ ನಂತರದ ಸ್ಟಾರ್ಟಪ್ ಅಲೆಯಲ್ಲಿ ಪತ್ರಿಕಾ ಕಚೇರಿಗಳಿಂದ ಹೊರಬಂದ ಉಪಸಂಪಾದಕರೂ ಸೇರಿಕೊಂಡರು. ಟೆಕ್ನಿಕಲ್ ರೈಟರ್‌ಗಳಿಂದ ಖಚಿತತೆ, ಪತ್ರಕರ್ತರಿಂದ ಓದಿಸಿಕೊಂಡು ಹೋಗುವ ಗುಣ, ಏಜೆನ್ಸಿಯವರಿಂದ ಮಾರುವ ಚುರುಕು ಈ ಹುದ್ದೆಗೆ ಬಂತು. ಈ ಮೂರೂ ಒಬ್ಬರಲ್ಲೇ ಕೂಡುವುದು ಅಪರೂಪ. ಕೆಲಸದ ಜಾಹೀರಾತುಗಳು ಮಾತ್ರ ಮೂರನ್ನೂ ಒಬ್ಬರಲ್ಲೇ ಕೇಳುತ್ತವೆ.

ಬೆಂಗಳೂರಿನ ಒಂದು ಮಾದರಿ

ಈ ಕೆಲಸ ಕಂಪನಿಯೊಂದಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲಿ ಎದ್ದು ಕಾಣುವ ಉದಾಹರಣೆ ಜೆರೋಧಾ. ನಿತಿನ್ ಕಾಮತ್ ಮತ್ತು ನಿಖಿಲ್ ಕಾಮತ್ ಸಹೋದರರು 2010ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಈ ಷೇರು ದಲ್ಲಾಳಿ ಸಂಸ್ಥೆ ಜಾಹೀರಾತಿಗೆ ಹಣ ಸುರಿಯುವುದಿಲ್ಲ ಎಂಬುದನ್ನೇ ತನ್ನ ಗುರುತಾಗಿಸಿಕೊಂಡಿದೆ. ಅದರ ಬದಲು ಕಾರ್ತಿಕ್ ರಂಗಪ್ಪ ಅವರ ನೇತೃತ್ವದಲ್ಲಿ ‘ವಾರ್ಸಿಟಿ’ ಎಂಬ ಪಾಠಮಾಲೆಯನ್ನು ಬೆಳೆಸಿತು. ಷೇರು ಎಂದರೇನು ಎಂಬಲ್ಲಿಂದ ಹಿಡಿದು ಕಂಪನಿಯ ಬ್ಯಾಲೆನ್ಸ್ ಶೀಟ್ ಓದುವುದು, ಫ್ಯೂಚರ್ಸ್, ಆಪ್ಷನ್ಸ್, ಮ್ಯೂಚುವಲ್ ಫಂಡ್, ತೆರಿಗೆಯವರೆಗೆ ಅಧ್ಯಾಯ ಅಧ್ಯಾಯವಾಗಿ ಹೇಳುವ ಇದಕ್ಕೆ ಶುಲ್ಕವಿಲ್ಲ. ಓದಲು ಜೆರೋಧಾ ಖಾತೆಯೂ ಬೇಡ. ಬೇರೆ ದಲ್ಲಾಳಿಗಳ ಗಿರಾಕಿಗಳೂ ಇಲ್ಲೇ ಕಲಿಯುತ್ತಾರೆ. ಕಲಿತವರಲ್ಲಿ ಒಂದು ಪಾಲು ಖಾತೆ ತೆರೆಯಲು ಇಲ್ಲಿಗೇ ಬರುತ್ತಾರೆ ಎಂಬ ನಂಬಿಕೆಯ ಮೇಲೆ ಇದೆಲ್ಲ ನಿಂತಿದೆ.

ಇದರ ಒಳತಿಕ್ಕಾಟವನ್ನೂ ನೋಡಬೇಕು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಹಲವು ದಲ್ಲಾಳಿ ಸಂಸ್ಥೆಗಳಿಗೆ ವರಮಾನದ ದೊಡ್ಡ ಪಾಲು ಬರುವುದು ಇದೇ ವ್ಯವಹಾರದಿಂದ. ಆಪ್ಷನ್ಸ್ ಕಲಿಸುವ ಪಾಠ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಕಳೆದುಕೊಳ್ಳುವವರ ಸಾಲಿಗೆ ಇನ್ನಷ್ಟು ಮಂದಿಯನ್ನು ಕರೆತರಬಹುದು. ನಷ್ಟದ ಸಂಭವವನ್ನು ಪಾಠದೊಳಗೇ ನೇರವಾಗಿ ಬರೆಯಲು ಸಂಸ್ಥೆ ಬಿಟ್ಟರೆ ಪಾಠ, ಬಿಡದಿದ್ದರೆ ಬಲೆ. ಕಂಪನಿಯೊಳಗಿನ ಬರಹಗಾರರ ಸ್ಥಾನವನ್ನು ಅಳೆಯಲು ಇದಕ್ಕಿಂತ ಸರಿಯಾದ ಮಾನದಂಡ ಸಿಗುವುದಿಲ್ಲ: ವ್ಯಾಪಾರಕ್ಕೆ ಅನುಕೂಲವಲ್ಲದ ನಿಜವನ್ನು ಬರೆಯುವ ಸ್ವಾತಂತ್ರ್ಯ ಅವರಿಗೆ ಇದೆಯೇ?

ಬರೆಯುವವರ ಕೆಲಸ ಪಾಠಕ್ಕೆ ಸೀಮಿತವಲ್ಲ. ಬಿಕ್ಕಟ್ಟಿನ ಹೊತ್ತಿನಲ್ಲಿ ಅದು ಇನ್ನಷ್ಟು ಕಾಣುತ್ತದೆ. ದೋಸೆ ಹಿಟ್ಟಿಗೆ ಹೆಸರಾದ ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಂಪನಿಯ ಹಿಟ್ಟಿನಲ್ಲಿ ಪ್ರಾಣಿಜನ್ಯ ವಸ್ತುಗಳಿವೆ ಎಂಬ ಸುಳ್ಳು ಸುದ್ದಿ 2021ರ ಸೆಪ್ಟೆಂಬರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಡಿತು. ಸಸ್ಯಾಹಾರಿ ಪದಾರ್ಥಗಳನ್ನಷ್ಟೇ ಬಳಸುತ್ತೇವೆ ಎಂದು ಕಂಪನಿ ಕೂಡಲೇ ಸ್ಪಷ್ಟನೆ ಕೊಡಬೇಕಾಯಿತು. 2023ರ ಏಪ್ರಿಲ್‌ನಲ್ಲಿ, ವಿಧಾನಸಭಾ ಚುನಾವಣೆ ಹತ್ತಿರವಿದ್ದಾಗ, ಬೆಂಗಳೂರಿಗೆ ಹಾಲು-ಮೊಸರು ತರುತ್ತೇವೆಂದು ಅಮೂಲ್ ಹಾಕಿದ ಒಂದು ಪುಟ್ಟ ಟ್ವೀಟ್ ನಂದಿನಿಯ ಉಳಿವಿನ ಪ್ರಶ್ನೆಯಾಗಿ ರಾಜ್ಯದುದ್ದಕ್ಕೂ ಹಬ್ಬಿತು. ಹೋಟೆಲ್ ಮಾಲೀಕರ ಸಂಘ ನಂದಿನಿಯ ಪರ ನಿಂತಿತು. ಬೇರೆ ತಿಂಗಳಲ್ಲಿ ಯಾರೂ ತಲೆಕೆಡಿಸಿಕೊಳ್ಳದ ಸಾಲು ಅದು. ಊರಿನ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿದ ಒಬ್ಬರು ಬರೆಯುವ ಕೋಣೆಯಲ್ಲಿ ಇರಬೇಕಾದ ಅಗತ್ಯವನ್ನು ಆ ಪ್ರಸಂಗ ತೋರಿಸಿತು.

ಒಂದು ಬರಹದ ದಾರಿ

ಈ ಕೆಲಸ ನಡೆಯುವ ರೀತಿಯನ್ನು ಒಂದು ಬರಹದ ಬೆನ್ನು ಹಿಡಿದು ನೋಡುವುದು ಒಳ್ಳೆಯದು. ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ ಭಾಗದಲ್ಲಿ ದಾಳಿಂಬೆ ಬೆಳೆ ಹಬ್ಬಿದೆ. ಅದರ ಬೆನ್ನಿಗೇ ದುಂಡಾಣು ಅಂಗಮಾರಿ ರೋಗವೂ ಬಂದಿದೆ. ಕಾಯಿಯ ಮೇಲೆ ಎಣ್ಣೆಯಂಥ ಚುಕ್ಕೆ ಬಿದ್ದು, ಕೊನೆಗೆ ಸಿಪ್ಪೆ ಸೀಳುತ್ತದೆ. ಬೆಂಗಳೂರಿನಲ್ಲಿ ಕಚೇರಿಯಿರುವ ಕೃಷಿ ಪರಿಕರಗಳ ಕಂಪನಿಯೊಂದು ಈ ರೋಗದ ಬಗ್ಗೆ ಬರೆಸಲು ಹೊರಟಿತೆನ್ನೋಣ. ಕಂಟೆಂಟ್ ವಿಭಾಗದವರು ಮೊದಲು ನೋಡುವುದು ಜನ ಏನೆಂದು ಹುಡುಕುತ್ತಾರೆ ಎಂಬುದನ್ನು. ಪುಸ್ತಕದ ಹೆಸರು ಹಾಕಿ ಹುಡುಕುವ ಬೆಳೆಗಾರರು ಕಡಿಮೆ. ‘ದಾಳಿಂಬೆ ಚುಕ್ಕೆ ರೋಗಕ್ಕೆ ಔಷಧ’ ಎಂದೋ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಬರೆದೋ, ಬಾಯಲ್ಲೇ ಹೇಳಿಯೋ ಹುಡುಕುತ್ತಾರೆ. ಈರುಳ್ಳಿಗೆ ಮಜ್ಜಿಗೆ ರೋಗ ಬಂದಿದೆ ಎನ್ನುವವರಿಗೆ ಶಿಲೀಂಧ್ರದ ಲ್ಯಾಟಿನ್ ಹೆಸರಿನ ಲೇಖನ ಎದುರಾಗುವುದೇ ಇಲ್ಲ. ಕಸ್ಟಮರ್ ಕೇರ್‌ಗೆ ಬಂದ ಕರೆಗಳು ಇಲ್ಲಿ ದೊಡ್ಡ ಆಸ್ತಿ. ರೈತರ ಮಾತು ಇದ್ದ ಹಾಗೇ ಅಲ್ಲಿ ಸಿಗುತ್ತದೆ.

ಆಮೇಲೆ ಕಂಪನಿಯ ಕೃಷಿ ತಜ್ಞರೊಂದಿಗೆ ಮಾತುಕತೆ. ಈ ರೋಗಕ್ಕೆ ಪೂರ್ತಿ ವಾಸಿ ಮಾಡುವ ಔಷಧವಿಲ್ಲ. ಮಳೆಹನಿ, ಗಾಳಿ, ಚಾಟನಿ ಮಾಡುವ ಕತ್ತರಿಯಿಂದ ಅದು ಹರಡುತ್ತದೆ. ರೋಗ ತಗುಲಿದ ಕಾಯಿ, ರೆಂಬೆಗಳನ್ನು ಆರಿಸಿ ಸುಡುವುದು, ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದುವುದು, ಕೊಯ್ಲಿನ ನಂತರ ತೋಟಕ್ಕೆ ಮೂರ್ನಾಲ್ಕು ತಿಂಗಳ ವಿಶ್ರಾಂತಿ ಕೊಡುವುದು, ಬೋರ್ಡೋ ದ್ರಾವಣ ಸಿಂಪಡಿಸುವುದು ಇವೇ ಮುಖ್ಯ ಎಂದು ತಜ್ಞರು ಹೇಳುತ್ತಾರೆ. ಬರಹದ ಕರಡಿನಲ್ಲಿ ಇವೆಲ್ಲ ಮೊದಲು ಬರುತ್ತವೆ. ಮಾರಾಟ ವಿಭಾಗಕ್ಕೆ ಇಲ್ಲೇ ಮುಜುಗರ. ತೋಟ ಚೊಕ್ಕಟ ಇಡಿ ಎಂಬ ಸಲಹೆಯಿಂದ ಒಂದು ಬಾಟಲಿಯೂ ಖರ್ಚಾಗುವುದಿಲ್ಲ. ತಮ್ಮ ಸಿಂಪಡಣೆ ಮೇಲಿನ ಸಾಲಿಗೆ ಬರಬೇಕು, ಕತ್ತರಿ ತೊಳೆಯುವ ಮಾತು ಕೆಳಗೆ ಹೋಗಬೇಕು ಎಂದು ಅವರು ಕೇಳುತ್ತಾರೆ. ಕಾನೂನು ವಿಭಾಗ ಇನ್ನೊಂದು ಕಡೆಯಿಂದ ಬರುತ್ತದೆ: ಕೀಟನಾಶಕ, ಶಿಲೀಂಧ್ರನಾಶಕಗಳನ್ನು ಲೇಬಲ್ಲಿನಲ್ಲಿ ಅನುಮತಿ ಪಡೆದ ಬೆಳೆ-ರೋಗಗಳಿಗಷ್ಟೇ ಸೂಚಿಸಬಹುದು, ಹೊಲದಲ್ಲಿ ಎಲ್ಲರೂ ಬಳಸುತ್ತಾರೆ ಎಂಬುದು ಬರೆಯಲು ಆಧಾರವಾಗದು. ಮೊದಲ ಸಾಲು ಯಾವುದಾಗಬೇಕೆಂದು ತೀರ್ಮಾನಿಸುವವರು ಯಾರು ಎಂಬುದರಿಂದ ಆ ಕಂಪನಿಯಲ್ಲಿ ಕಂಟೆಂಟ್ ಮುಖ್ಯಸ್ಥರ ತೂಕ ಗೊತ್ತಾಗುತ್ತದೆ. ಕತ್ತರಿ ತೊಳೆಯುವ ಸಲಹೆಯಿಂದ ತೋಟ ಉಳಿದರೆ ಬೆಳೆಗಾರರು ಮುಂದಿನ ವರ್ಷವೂ ಅದೇ ವಿಡಿಯೊ ಹುಡುಕಿಕೊಂಡು ಬರುತ್ತಾರೆ. ಈ ಲೆಕ್ಕ ಅರ್ಥವಾಗಲು ಮಾರಾಟದ ತಿಂಗಳ ಗುರಿ ಬಿಡುವುದಿಲ್ಲ.

ಇಷ್ಟೆಲ್ಲ ನಡೆಯುವುದು ಇಂಗ್ಲಿಷಿನಲ್ಲಿ. ಒಪ್ಪಿಗೆಯಾದ ಮೇಲೆ ಬರಹ ಕನ್ನಡ, ತೆಲುಗು, ಮರಾಠಿ, ಹಿಂದಿಗೆ ಅನುವಾದಕ್ಕೆ ಹೋಗುತ್ತದೆ, ಹೆಚ್ಚಾಗಿ ಹೊರಗಿನ ಏಜೆನ್ಸಿಗೆ, ಪದಕ್ಕಿಷ್ಟು ಎಂಬ ದರಕ್ಕೆ. ಅನುವಾದಕರು ದಾಳಿಂಬೆ ತೋಟ ಕಂಡಿರಬೇಕೆಂದೇನಿಲ್ಲ. ಹಳೆಯ ಕರಪತ್ರಗಳು ‘ನುಡಿ’, ‘ಬರಹ’ ತಂತ್ರಾಂಶಗಳ ಆಸ್ಕಿ ಫಾಂಟಿನಲ್ಲಿದ್ದರೆ ಯೂನಿಕೋಡಿಗೆ ತರುವಾಗ ಒತ್ತಕ್ಷರ ಕೆಡುತ್ತದೆ. ತಿದ್ದುವವರು ಕಚೇರಿಯಲ್ಲಿ ಇರುವುದಿಲ್ಲ. ಹಿರಿಯೂರು ತಾಲ್ಲೂಕಿನ ಆಂಧ್ರ ಗಡಿಯಂಚಿನ ಧರ್ಮಪುರ ಹೋಬಳಿಯ ಹರಿಯಬ್ಬೆಯಂಥ ಊರಿಗೆ ಮೊಬೈಲಿನಲ್ಲಿ ಬಂದು ಮುಟ್ಟುವ ಹೊತ್ತಿಗೆ ಬರಹ ಹೀಗೆ ನಾಲ್ಕು ಕೈ ದಾಟಿರುತ್ತದೆ. ಬೆಂಗಳೂರಿನ ಸಭೆಯಲ್ಲಿ ವಾದಿಸಿ ಉಳಿಸಿಕೊಂಡ ಮೊದಲ ಸಾಲು ಅಲ್ಲಿಗೆ ಅರ್ಥವಾಗದ ಸಾಲಾಗಿ ಬಂದರೆ ಅಷ್ಟೂ ಶ್ರಮ ವ್ಯರ್ಥ.

ಈ ಊರುಗಳಿಗೆ ಕಂಪನಿಯ ಮಾತು ಒಂದೇ ಆಸರೆಯಲ್ಲ. ಹಿರಿಯೂರಿನ ಬಬ್ಬೂರು ಫಾರ್ಮಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ, ಚಿತ್ರದುರ್ಗ ಆಕಾಶವಾಣಿಯಿದೆ, 2004ರಿಂದ ಕಿಸಾನ್ ಕಾಲ್ ಸೆಂಟರ್ ಇದೆ. ಅವುಗಳ ಸಲಹೆಗೆ ಮಾರಾಟದ ಉದ್ದೇಶವಿಲ್ಲ. ಆದರೆ ಸಂಜೆ ಏಳಕ್ಕೆ ಎಲೆ ಒಣಗಿದ್ದು ಕಂಡವರಿಗೆ ತಕ್ಷಣ ಸಿಗುವುದು ಯೂಟ್ಯೂಬ್. ಅಲ್ಲಿ ಕಂಪನಿ ಮಾಡಿದ ವಿಡಿಯೊ ಯಾವುದು, ರೈತರೇ ಮಾಡಿದ್ದು ಯಾವುದು, ದುಡ್ಡು ಪಡೆದು ರೈತರಂತೆ ಮಾತಾಡಿದ್ದು ಯಾವುದು ಎಂದು ಬೇರ್ಪಡಿಸುವುದು ನೋಡುವವರ ಪಾಲಿನ ಕಷ್ಟದ ಕೆಲಸ.

ಅಳತೆ ಮತ್ತು ಕಾನೂನು

ಕಂಟೆಂಟ್ ವಿಭಾಗದ ದುಡಿಮೆಯನ್ನು ಅಳೆಯುವುದು ಸುಲಭವಲ್ಲ. ಎಷ್ಟು ಜನ ಓದಿದರು, ಎಷ್ಟು ಹೊತ್ತು ನಿಂತರು, ಎಷ್ಟು ಮಂದಿ ಫೋನ್ ನಂಬರ್ ಬಿಟ್ಟರು ಎಂಬ ಅಂಕಿ ಸಿಗುತ್ತದೆ. ಆರು ತಿಂಗಳ ಹಿಂದೆ ಓದಿದ ಲೇಖನದ ಬಲದಿಂದ ಇಂದು ಅಂಗಡಿಯಲ್ಲಿ ಒಂದು ಬ್ರ್ಯಾಂಡ್ ಕೇಳಿ ಪಡೆದವರು ಯಾವ ಡ್ಯಾಶ್‌ಬೋರ್ಡಿಗೂ ಸಿಗುವುದಿಲ್ಲ. ಹೀಗಾಗಿ ಎಣಿಕೆಗೆ ಸಿಗುವುದನ್ನೇ ಹೆಚ್ಚಿಸುವ ಒತ್ತಡ ಹುಟ್ಟುತ್ತದೆ: ತಿಂಗಳಿಗೆ ಇಷ್ಟು ಲೇಖನ, ದಿನಕ್ಕೆ ಇಷ್ಟು ಪೋಸ್ಟ್. ಕಂಪನಿಗೆ ಕಷ್ಟ ಬಂದಾಗ ಮೊದಲು ಕೈ ಬಿಡುವ ವಿಭಾಗಗಳಲ್ಲಿ ಇದೂ ಒಂದಾಗಿರುವುದಕ್ಕೆ ಈ ಅಳತೆಯ ತೊಡಕೇ ಕಾರಣ.

ಕಾನೂನು ಇತ್ತೀಚಿನ ವರ್ಷಗಳಲ್ಲಿ ಈ ಹುದ್ದೆಗೆ ಗಂಭೀರತೆ ತಂದುಕೊಟ್ಟಿದೆ. ಹಣ ಅಥವಾ ಉಡುಗೊರೆ ಪಡೆದು ಹಾಕುವ ಪೋಸ್ಟಿಗೆ ಅದು ಜಾಹೀರಾತು ಎಂದು ಗುರುತು ಹಾಕಬೇಕೆಂದು ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ಮಾರ್ಗಸೂಚಿ ಹೊರಡಿಸಿತು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತುಗಳ ವಿರುದ್ಧ ನಿಯಮ ತಂದಿತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮೊದಲ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಬೀಳಬಹುದು. ಷೇರು ಪಾಠ ಹೇಳುವವರು ಕಳೆದ ಮೂರು ತಿಂಗಳ ಬೆಲೆಗಳನ್ನು ಉದಾಹರಣೆಗೆ ಬಳಸಬಾರದು ಎಂದು ಸೆಬಿ 2025ರ ಜನವರಿಯಲ್ಲಿ ಸೂಚಿಸಿತು. ಶಿಕ್ಷಣ ಎಂಬ ಹೆಸರಿನಡಿ ಸಲಹೆ ಮಾರುವ ದಾರಿಯನ್ನು ಮುಚ್ಚುವುದು ಅದರ ಉದ್ದೇಶ. ಇವೆಲ್ಲವನ್ನೂ ತಿಳಿದು ಬರೆಯುವವರು ಬೇಕಾಗಿರುವುದರಿಂದ ಅನುಭವಿ ಸಂಪಾದಕರಿಗೆ ಕಂಪನಿಗಳಲ್ಲಿ ಬೆಲೆ ಬಂದಿದೆ.

ಯಂತ್ರ ಬರೆಯತೊಡಗಿದಾಗ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಉದ್ಯೋಗದ ಬುಡವೇ ಅಲುಗಿತು. ‘ಹನಿ ನೀರಾವರಿಯ ಹತ್ತು ಲಾಭಗಳು’ ಎಂಬಂಥ ಲೇಖನಕ್ಕೆ ಈಗ ಮನುಷ್ಯರು ಬೇಕಿಲ್ಲ. ಗೂಗಲ್ 2024ರಲ್ಲಿ ಹುಡುಕಾಟದ ಪುಟದ ತಲೆಯಲ್ಲೇ ಎಐ ಬರೆದ ಉತ್ತರ ತೋರಿಸತೊಡಗಿತು. ಭಾರತದಲ್ಲಿ ಅದು ಅದೇ ವರ್ಷದ ಆಗಸ್ಟ್‌ನಲ್ಲಿ ಬಂತು. ಉತ್ತರ ಅಲ್ಲೇ ಸಿಕ್ಕರೆ ಕಂಪನಿಯ ಪುಟದವರೆಗೆ ಯಾರೂ ಬರುವುದಿಲ್ಲ. ಇಪ್ಪತ್ತು ವರ್ಷ ನಡೆದುಬಂದ ವ್ಯವಸ್ಥೆ, ಅಂದರೆ ಬರಹ ಕೊಟ್ಟು ಗೂಗಲ್‌ನಿಂದ ಓದುಗರನ್ನು ಪಡೆಯುವುದು, ಸಡಿಲವಾಗಿದೆ.

ಇದರಿಂದ ಆರಂಭಿಕ ಹಂತದ ಬರಹಗಾರರ ಕೆಲಸಕ್ಕೆ ಪೆಟ್ಟು ಬಿದ್ದಿದೆ. ಒಳಗಿನ ಅನುಭವವನ್ನು ಹೊರತೆಗೆಯಬಲ್ಲವರ ಬೆಲೆ ಏರಿದೆ. ಈ ಸಲದ ಮಳೆಗೆ ಹೊಸದುರ್ಗದ ತೋಟಗಳಲ್ಲಿ ಏನಾಯಿತು ಎಂಬುದು ಯಾವ ಯಂತ್ರದ ನೆನಪಿನಲ್ಲೂ ಇರುವುದಿಲ್ಲ. ಹೋಗಿ ನೋಡಿ ಬರೆದವರ ಬಳಿ ಇರುತ್ತದೆ. ಇಂಗ್ಲಿಷಿನ ಮಟ್ಟಿಗೆ ಈ ಮಾತು ಸಾಕು. ಕನ್ನಡಕ್ಕೆ ಬಂದರೆ ತೊಡಕು ಇನ್ನೊಂದು ಬಗೆಯದು. ಕೇಂದ್ರ ಸರ್ಕಾರದ ಭಾಷಿಣಿಯೂ ಸೇರಿ ಅನುವಾದದ ಯಂತ್ರಗಳು ಕನ್ನಡದಲ್ಲಿ ಸಾಲುಗಳನ್ನು ಕ್ಷಣದಲ್ಲಿ ಕೊಡುತ್ತವೆ. ಅವು ನೋಡಲು ಕನ್ನಡದಂತೆಯೇ ಇರುತ್ತವೆ. ಪ್ರಮಾಣ, ನಿಷೇಧ, ಎಚ್ಚರಿಕೆ ಸರಿಯಾಗಿ ಬಂದಿದೆಯೇ ಎಂದು ನೋಡಬಲ್ಲ ಕನ್ನಡದವರು ಆ ಕಚೇರಿಯಲ್ಲಿ ಇಲ್ಲದಿದ್ದರೆ, ತಪ್ಪು ಸಾಲು ನೇರವಾಗಿ ಹೊಲಕ್ಕೆ ಹೋಗುತ್ತದೆ.

ಕನ್ನಡದ ಕುರ್ಚಿ

ದೊಡ್ಡ ಕಂಪನಿಗಳ ಆಚೆಗೂ ಈ ಕೆಲಸ ನಡೆಯುತ್ತಿದೆ, ಹೆಸರಿಲ್ಲದೆ. ಭೌಗೋಳಿಕ ಸೂಚಿ ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆ, ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯ ಶೇಂಗಾ ಎಣ್ಣೆ, ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗು ಇವುಗಳ ಸುತ್ತಲಿನ ಸಣ್ಣ ಉದ್ದಿಮೆ, ರೈತ ಉತ್ಪಾದಕ ಕಂಪನಿಗಳಲ್ಲಿ ಕಂಟೆಂಟ್ ವಿಭಾಗ ಎಂಬುದು ಇರಲಾರದು. ಫೋನು ಚೆನ್ನಾಗಿ ಬಳಸುವ ಒಬ್ಬರು ಚಿತ್ರ ತೆಗೆದು, ನಾಲ್ಕು ಸಾಲು ಬರೆದು ಹಾಕುತ್ತಾರೆ. ಸರಕು ಮಾಡಿದವರು, ಅದನ್ನು ಬಲ್ಲವರು, ಅದರ ಬಗ್ಗೆ ಬರೆಯುವವರು ಅಲ್ಲಿ ಒಬ್ಬರೇ ಆಗಿರುವುದರಿಂದ ಬರಹದಲ್ಲಿ ಜೀವ ಇರುತ್ತದೆ. ಸಮಯ ಮತ್ತು ಹಣ ಇರುವುದಿಲ್ಲ. ನಗರದ ಕಂಪನಿಗಳಲ್ಲಿ ಇದು ತಿರುಗುಮುರುಗು.

ಕನ್ನಡ ಎಂ.ಎ., ಪತ್ರಿಕೋದ್ಯಮ ಓದಿದವರಿಗೆ ಇಲ್ಲಿ ನಿಜವಾದ ಅವಕಾಶವಿದೆ. ಆದರೆ ಅವರನ್ನು ಕರೆಯುವುದು ಅನುವಾದಕ್ಕೆ, ಅದೂ ಎಲ್ಲ ತೀರ್ಮಾನ ಮುಗಿದ ಮೇಲೆ. ಮೊದಲ ಸಾಲು ಯಾವುದಾಗಬೇಕೆಂದು ಚರ್ಚಿಸುವ ಸಭೆಯಲ್ಲಿ ಅವರಿರುವುದಿಲ್ಲ. ಹೊಲದಿಂದ ಬಂದ ಕರೆಗಳನ್ನು ಕೇಳುವ ಕೆಲಸಕ್ಕೂ ಅವರನ್ನು ಬಿಡುವುದಿಲ್ಲ. ಕಂಪನಿಗಳಲ್ಲಿ ಕಂಟೆಂಟ್ ಹುದ್ದೆ ಬೆಳೆದಿದೆ ಎಂಬ ಮಾತು ಇಂಗ್ಲಿಷಿಗೆ ಸಲ್ಲುತ್ತದೆ, ಕನ್ನಡಕ್ಕೆ ಅರ್ಧದಷ್ಟೂ ಸಲ್ಲುವುದಿಲ್ಲ. ಕನ್ನಡದಲ್ಲಿ ಮಾರುವ ಯಾವುದೇ ಕಂಪನಿ ಕನಿಷ್ಠ ಒಬ್ಬ ಕನ್ನಡ ಸಂಪಾದಕರನ್ನು ಕಾಯಂ ಆಗಿ ಇಟ್ಟುಕೊಂಡು, ತಪ್ಪು ಕಂಡರೆ ಪ್ರಕಟಣೆ ತಡೆಯುವ ಅಧಿಕಾರವನ್ನು ಅವರಿಗೆ ಬರಹದಲ್ಲಿ ಕೊಡಬೇಕು. ರಾಸಾಯನಿಕ, ಔಷಧ, ಸಾಲ, ವಿಮೆ ಮಾರುವ ಕಂಪನಿಗಳಿಗೆ ಇದನ್ನು ಸರ್ಕಾರವೇ ಕಡ್ಡಾಯ ಮಾಡಬೇಕು.